ಬಿಸಿಲಿಗೆ ಸಿಹಿ ಸೆಂಟು ಹಾಕ್ಬಹುದಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳನ್ನ ಹರಡ್ಕೊಂಡು ಕೂತಾಗ ಒಂದು ವಿಷಯ ಎದ್ದು ಕಾಣ್ತು, ಸುಮಾರು ಜನ ಕೇಳಿರೋದು ಸಿಹಿ ಸೆಂಟಿನ ಬಗ್ಗೆನೇ, ಅದೂ ಹಣ್ಣು, ವೆನಿಲ್ಲಾ, ಕ್ಯಾರಮೆಲ್ ಥರ ಘಮ್ಮಂತ ಬರೋ, ಮೂಸಿದ್ರೆ ನಾಲಿಗೇಲಿ ನೀರೂರೋ ಜಾತಿಯದು. ಇದಕ್ಕೆ ಪರ್ಫ್ಯೂಮ್ ಮಾಡೋರು ಗೂರ್ಮಾಂಡ್ ಅಂತಾರೆ, ಫ್ರೆಂಚ್ ಪದ, ತಿನ್ನೋದ್ರ ಮೇಲೆ ಆಸೆ ಇರೋರು ಅಂತ ಅರ್ಥ. ಚಳೀಲಿ ಚೆನ್ನಾಗಿದ್ದ ಬಾಟ್ಲಿ ಬಿಸಿಲು ಏರ್ತಿದ್ದ ಹಾಗೆ ಬೇರೆನೇ ಆಗ್ಬಿಡತ್ತೆ ಅನ್ನೋದೇ ಎಲ್ಲರ ತಕರಾರು, ಹಾಗಾಗಿ ಈ ಸಂಚಿಕೆಯ ಪುಟ ಪೂರ್ತಿ ಇದಕ್ಕೇ. ಹೆಸರು ಹಾಕ್ಬೇಡಿ ಅಂತ ಕೆಲವರು ಕೇಳ್ಕೊಂಡಿದ್ರು, ಅದಕ್ಕೇ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಅಕ್ಕಾ, ನಂಗೆ 26 ವರ್ಷ, ಆಫೀಸಿಗೆ ಹೋಗ್ತೀನಿ. ಹುಟ್ಟುಹಬ್ಬಕ್ಕೆ ಫ್ರೆಂಡ್ಸ್ ಒಂದು ಪರ್ಫ್ಯೂಮ್ ಕೊಡಿಸಿದ್ರು, ಪೀಚು, ಮಾವು, ಆಮೇಲೆ ವೆನಿಲ್ಲಾ ಕ್ಯಾರಮೆಲ್ ಅಂತ ಡಬ್ಬದ ಮೇಲಿದೆ. ಚಳಿಗಾಲದಲ್ಲಿ ಹಾಕ್ಕೊಂಡ್ ಹೋದ್ರೆ ಯಾವ್ದಿದು ಯಾವ್ದಿದು ಅಂತ ಕೇಳೋರು. ಈಗ ಅದೇ ಬಾಟ್ಲಿ, ಅಷ್ಟೇ ಸ್ಪ್ರೇ, ಆದ್ರೆ ಮಧ್ಯಾಹ್ನ ಆಗೋಷ್ಟರಲ್ಲಿ ಸಕ್ಕರೆ ಪಾಕನ ಮೈ ಮೇಲೆ ಸುರ್ಕೊಂಡ ಹಾಗಿರತ್ತೆ, ಪಕ್ಕದ ಸೀಟಿನವರು ತಲೆನೋವು ಅಂತ ಬೇರೆ ಕಡೆ ಹೋಗಿ ಕೂತ್ರು. ನಂಗೆ ತುಂಬಾ ಬೇಜಾರಾಯ್ತು. ಬಾಟ್ಲಿ ಕೆಟ್ಟೋಗಿದ್ಯಾ? ಬೇಸಿಗೇಲಿ ಸಿಹಿ ಸೆಂಟು ಬಿಟ್ಬಿಡ್ಬೇಕಾ?

ಉತ್ತರ: ಬಾಟ್ಲಿ ಕೆಟ್ಟಿಲ್ಲ ಕಣಮ್ಮ, ಬಿಡೋದೂ ಬೇಡ. ಬದಲಾಗಿರೋದು ಶಾಖ ಅಷ್ಟೇ, ಆದ್ರೆ ಅದೊಂದೇ ಸೆಂಟನ್ನ ತಲೆಕೆಳಗೆ ಮಾಡ್ಬಿಡತ್ತೆ, ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದೊಂದು ತಿಳ್ಕೊಂಡ್ರೆ ಮುಂದೆ ಯಾವ ಬಾಟ್ಲಿ ತಗೊಳ್ಳೋವಾಗ್ಲೂ ಮೋಸ ಹೋಗಲ್ಲ.

ಒಂದು ಪರ್ಫ್ಯೂಮಲ್ಲಿ ಇರೋ ವಾಸನೆಗಳೆಲ್ಲ ಒಂದೇ ವೇಗದಲ್ಲಿ ಹಾರಲ್ಲ. ಕಿತ್ತಳೆ ನಿಂಬೆ ಸಿಪ್ಪೇಲಿರೋ ಲಿಮೊನೀನ್ ಕುದಿಯೋದು ಸುಮಾರು 176 ಡಿಗ್ರಿಗೆ, ವೆನಿಲ್ಲಾದ ಜೀವಾಳ ವೆನಿಲಿನ್ ಕುದಿಯೋದು ಸುಮಾರು 285 ಡಿಗ್ರಿಗೆ. ನಮ್ ಮೈ ಮೇಲೆ ಎರಡೂ ಕುದಿಯಲ್ಲ ಬಿಡಿ, ಚರ್ಮದ ಶಾಖ ಸಾಮಾನ್ಯವಾಗಿ 32ರಿಂದ 34 ಡಿಗ್ರಿ, ಆದ್ರೆ ಆ ಎರಡು ಅಂಕಿ ನೋಡಿದ್ರೆ ಯಾವ್ದು ಹಗುರ ಯಾವ್ದು ಭಾರ ಅಂತ ಗೊತ್ತಾಗತ್ತೆ. ಹಗುರದ್ದು ಮೊದ್ಲು ಹಾರತ್ತೆ, ಭಾರದ್ದು ಕೊನೆ ತನಕ ಅಂಟ್ಕೊಂಡಿರತ್ತೆ. ಚಳೀಲಿ ಏನಾಗತ್ತೆ ಅಂದ್ರೆ ಹುಳಿ ಹಣ್ಣಿನ ವಾಸನೆ ನಿಧಾನಕ್ಕೆ ಹೋಗತ್ತೆ, ಕೆಳಗಿರೋ ಸಕ್ಕರೆ ವೆನಿಲ್ಲಾ ಚರ್ಮದ ಹತ್ರನೇ ಮಲಗಿರತ್ತೆ, ಎರಡೂ ಸ್ವಲ್ಪ ಸ್ವಲ್ಪ ಸೇರಿ ಬರತ್ತೆ, ಅದಕ್ಕೇ ಹಿತ. ಬಿಸಿಲಲ್ಲಿ ಹುಳಿ ಬೇಗ ಖಾಲಿ ಆಗ್ಬಿಡತ್ತೆ, ಮಲಗಿದ್ದ ಸಕ್ಕರೆ ಶಾಖಕ್ಕೆ ಎದ್ದು ಕೂರತ್ತೆ, ಹಿಡಿಯೋಕೆ ಪಕ್ಕದಲ್ಲಿ ಹುಳಿ ಇಲ್ಲ. ನಿಮ್ ಪಕ್ಕದ ಸೀಟಿನವರಿಗೆ ಬಂದಿದ್ದು ಅದೇ, ಬರೀ ಸಕ್ಕರೆ.

ಆ ಸಕ್ಕರೆ ಏನು ಅಂತನೂ ಹೇಳ್ಬಿಡ್ತೀನಿ. ಬಹುಪಾಲು ಇಂಥ ಸೆಂಟಲ್ಲಿ ಇರೋದು ಈಥೈಲ್ ಮಾಲ್ಟಾಲ್ ಅನ್ನೋ ಬಿಳಿ ಪುಡಿ, ಮೂಸಿದ್ರೆ ಕಾಟನ್ ಕ್ಯಾಂಡಿ, ಸುಟ್ಟ ಸಕ್ಕರೆ, ಜೊತೆಗೆ ಒಂಚೂರು ಜಾಮು. ಹುರಿದ ಮಾಲ್ಟಲ್ಲಿ ತಾನಾಗೇ ಇರೋ ಮಾಲ್ಟಾಲ್‌ನ ತಮ್ಮ ಇದು, ಆದ್ರೆ ಪ್ರಕೃತೀಲಿ ಸಿಗಲ್ಲ, ಲ್ಯಾಬಲ್ಲಿ ಹುಟ್ಟಿದ್ದು, ಅಣ್ಣನಿಗಿಂತ 4ರಿಂದ 6 ಪಟ್ಟು ಜೋರು. 1992ರಲ್ಲಿ ಫ್ರೆಂಚ್ ಡಿಸೈನರ್ ಥಿಯೆರಿ ಮ್ಯೂಗ್ಲರ್ ಅವ್ರ ಏಂಜೆಲ್ ಅನ್ನೋ ಸೆಂಟು ಬಂತಲ್ಲ, ಒಲಿವಿಯೇ ಕ್ರೆಸ್ಪ್ ಅನ್ನೋ ಪರ್ಫ್ಯೂಮರ್ ಮಾಡಿದ್ದು, ಅದ್ರಲ್ಲಿ ಇದನ್ನ ಅದುವರೆಗೆ ಯಾರೂ ಹಾಕದಷ್ಟು ಹಾಕಿ, ಅದ್ರ ಕೆಳಗೆ ಪಚ್ಚೆತೆನೆ, ಅಂದ್ರೆ ಪಚೌಲಿ, ಮಣ್ಣಿನ ಥರ ಕಹಿ ಕಹಿ ಇರತ್ತಲ್ಲ ಅದನ್ನ ತುಂಬಾ ಕೊಟ್ರು. ಗೂರ್ಮಾಂಡ್ ಅನ್ನೋ ಜಾತಿ ಶುರುವಾಗಿದ್ದೇ ಅಲ್ಲಿಂದ ಅಂತ ಎಲ್ರೂ ಒಪ್ತಾರೆ. ನಾನು ಅದನ್ನ ಗೌರವಿಸೋದು ಯಾಕೆ ಅಂದ್ರೆ ಸಿಹೀನ ಒಂಟಿಯಾಗಿ ಬಿಡ್ಲಿಲ್ಲ, ಎದುರಿಗೆ ಒಂದು ಕಹಿ ನಿಲ್ಲಿಸಿದ್ರು. ಆಮೇಲೆ ಬಂದ ಎಷ್ಟೋ ಸೆಂಟುಗಳು ಸಿಹೀನ ಮಾತ್ರ ತಗೊಂಡು ಕಹೀನ ಬಿಟ್ಬಿಟ್ವು, ನನ್ ಪ್ರಕಾರ ತಲೆನೋವು ಶುರುವಾಗಿದ್ದು ಅಲ್ಲಿ.

ಇನ್ನೊಂದು ವಿಷಯ ನಂಗೆ ಯಾವಾಗ್ಲೂ ಖುಷಿ ಕೊಡತ್ತೆ. ಅದೇ 1992ರಲ್ಲೇ ಜಪಾನಿನ ಡಿಸೈನರ್ ಇಸ್ಸೆ ಮಿಯಾಕೆ ಅವ್ರ ಲೋ ದಿಸ್ಸೆ ಅನ್ನೋ ಸೆಂಟು ಬಂತು, ಜಾಕ್ ಕವಾಲಿಯೇ ಮಾಡಿದ್ದು, ಅದು ಪೂರ್ತಿ ನೀರು, ತಣ್ಣಗೆ. ಆ ನೀರಿನ ವಾಸನೆ ಕೊಡೋದು ಕ್ಯಾಲೋನ್ ಅನ್ನೋ ವಸ್ತು, 1966ರಲ್ಲಿ ಫೈಜರ್ ಕಂಪನಿಯವರು ಕಂಡುಹಿಡಿದಿದ್ದು, ಕಲ್ಲಂಗಡಿ ಹಣ್ಣು ಕೊಯ್ದಾಗ ಬರೋ ವಾಸನೆಗೆ ಸಮುದ್ರದ ಗಾಳಿ ಸೇರಿಸಿದ ಹಾಗೆ. ಒಂದೇ ವರ್ಷ ಒಂದು ಕಡೆ ಸಕ್ಕರೆ, ಇನ್ನೊಂದು ಕಡೆ ನೀರು. ಈಗ ಬೇಸಿಗೆಗೆ ಅಂತ ಬರೋ ಹಣ್ಣಿನ ಸಿಹಿ ಸೆಂಟುಗಳಲ್ಲಿ ಒಳ್ಳೇವು ಯಾವ್ದು ಅಂತ ಕೇಳಿದ್ರೆ ಆ ಎರಡನ್ನೂ ಕೂಡಿಸಿರೋವೇ. 1993ರಲ್ಲಿ ಎಸ್ಕಾಡಾ ಕಂಪನಿ ಶಿಫಾನ್ ಸೋರ್ಬೆ ಅಂತ ಬೇಸಿಗೆಗೆ ಮಾತ್ರ ಸಿಗೋ ಸೆಂಟು ತಂತು, ಹಣ್ಣಿನ ಸೆಂಟನ್ನ ಬೇಸಿಗೆಗೆ ಅಂತಾನೇ ಬಿಡೋ ರೂಢಿ ಅವ್ರು ಆಮೇಲೂ ಮುಂದುವರಿಸಿದ್ರು. ಸೋರ್ಬೆ ಅಂದ್ರೆ ಹಾಲಿಲ್ಲದ ಹಣ್ಣಿನ ಐಸು. ಹೆಸರಲ್ಲೇ ಸೂತ್ರ ಇದೆ ನೋಡಿ, ಹಾಲು ಕೆನೆ ಇಲ್ಲ, ಹಣ್ಣು, ಹುಳಿ, ತಂಪು.

ಹಾಗಾಗಿ ಬೇಸಿಗೆಗೆ ಸೆಂಟು ತಗೊಳ್ಳೋವಾಗ ಸಿಹಿ ಎಷ್ಟಿದೆ ಅಂತ ನೋಡ್ಬೇಡಿ, ಆ ಸಿಹಿ ಯಾವ್ದಕ್ಕೆ ಒರಗಿದೆ ಅಂತ ನೋಡಿ. ಪ್ಯಾಶನ್ ಫ್ರೂಟ್, ಬ್ಲ್ಯಾಕ್ ಕರಂಟ್, ಗ್ರೇಪ್ ಫ್ರೂಟ್, ರಾಸ್ಪ್ಬೆರಿ ಇಂಥ ಹುಳಿ ಹಣ್ಣು ಇದ್ರೆ, ಇಲ್ಲಾಂದ್ರೆ ಹಸಿರೆಲೆ, ಶುಂಠಿ, ಉಪ್ಪು, ನೀರು ಇಂಥದ್ದೇನಾದ್ರೂ ಇದ್ರೆ ಬಿಸಿಲಲ್ಲಿ ಸಿಹಿ ಜೀವಂತವಾಗಿರತ್ತೆ. ಕ್ಯಾರಮೆಲ್, ಪ್ರಾಲಿನ್, ಚಾಕಲೇಟ್, ಟೋಂಕಾ ಬೀಜ ನಾಲ್ಕೂ ಒಟ್ಟಿಗೆ ಇದ್ರೆ ಅದು ಚಳಿಗಾಲದ ಸೆಂಟು, ಎಷ್ಟೇ ಹಣ್ಣಿನ ಚಿತ್ರ ಹಾಕಿದ್ರೂ ಅಷ್ಟೇ.

ಅಂಗಡೀಲಿ ಕಾಗದದ ಪಟ್ಟಿ ಮೂಸಿ ತೀರ್ಮಾನ ಮಾಡ್ಬೇಡಿ. ನಾನು ಒಂದ್ಸಲ ಹಾಗೇ ಮಾಡಿ, ಎಸಿ ಇರೋ ಕಡೆ ತಣ್ಣಗೆ ನಿಂತು ಪಟ್ಟಿ ಮೂಸಿ ಎಷ್ಟ್ ಚೆನ್ನಾಗಿದೆ ಅಂತ ದೊಡ್ಡ ಬಾಟ್ಲಿನೇ ತಗೊಂಡು, ಮಾರನೇ ದಿನ ಮಟಮಟ ಮಧ್ಯಾಹ್ನ ಬಾಗಿಲು ಹಾಕಿದ ಕಾರಲ್ಲಿ ಜೊತೆಗಿದ್ದವರಿಗೆ ವಾಂತಿ ಬರೋ ಹಾಗಾಯ್ತು, ಅವತ್ತು ನಂಗೆ ಆದ ಸಂಕಟ ಇವತ್ತಿಗೂ ನೆನಪಿದೆ, ಅದಕ್ಕೇ ನಿಮ್ ಪತ್ರ ಓದಿ ಮನಸ್ಸು ಕರಗ್ತು. ಈಗ ನಾನು ಮೊಣಕೈ ಒಳಭಾಗಕ್ಕೆ ಒಂದು ಸ್ಪ್ರೇ ಹಾಕ್ಕೊಂಡು ಹೊರಗೆ ಹೋಗ್ತೀನಿ, ಅರ್ಧ ಗಂಟೆ ನಡೀತೀನಿ, ಬೆವರು ಬರ್ಬೇಕು, ಆಮೇಲೆ ಮೂಸ್ತೀನಿ, ಮೂರು ಗಂಟೆ ಬಿಟ್ಟು ಮತ್ತೆ ಮೂಸ್ತೀನಿ. ಆ ಮೂರನೇ ಗಂಟೆ ವಾಸನೆ ಇಷ್ಟ ಆದ್ರೆ ಮಾತ್ರ ತಗೊಳ್ಳೋದು.

ಈಗಿರೋ ಬಾಟ್ಲೀನ ಏನ್ ಮಾಡೋದು? ಸಂಜೆ, ಬಿಸಿಲು ಇಳಿದ್ಮೇಲೆ, ಹೊರಗಡೆ ಗಾಳಿ ಇರೋ ಕಡೆ ಆರಾಮಾಗಿ ಹಾಕಿ. ಆಫೀಸಿಗೆ ಹಾಕ್ಲೇಬೇಕು ಅಂದ್ರೆ ಒಂದೇ ಸ್ಪ್ರೇ, ಅದೂ ಕತ್ತಿಗೆ ಬೇಡ, ಮೂಗಿಗೆ ದೂರ ಇರೋ ಜಾಗ, ಮಂಡಿ ಹಿಂಭಾಗಕ್ಕೆ ಹಾಕಿದ್ರೆ ಶಾಖಕ್ಕೆ ತಾನಾಗೇ ಮೆಲ್ಲಗೆ ಮೇಲೆ ಬರತ್ತೆ. ಮತ್ತೆ ಹುಳಿ ಬೇಗ ಹಾರತ್ತೆ ಅಂದ್ನಲ್ಲ, ಅದನ್ನ ನಾವೇ ಮತ್ತೆ ಸೇರಿಸ್ಬಹುದು. ನಿಂಬೆ ಕಿತ್ತಳೆ ವಾಸನೆಯ ಒಂದು ಸಾದಾ ಕೊಲೋನ್ ಬ್ಯಾಗಲ್ಲಿ ಇಟ್ಕೊಳ್ಳಿ, ಮಧ್ಯಾಹ್ನ ಊಟ ಆದ್ಮೇಲೆ ಬಟ್ಟೆ ಮೇಲೆ ಒಂಚೂರು ಹೊಡ್ಕೊಳ್ಳಿ, ಪೀಚು ಮಾವು ಮತ್ತೆ ಎದ್ದು ಬರತ್ತೆ. ಪಕ್ಕದ ಸೀಟಿನವರ ಹತ್ರ ಒಂದು ಮಾತು ಆಡಿ, ಕಮ್ಮಿ ಮಾಡಿದೀನಿ, ಈಗ ಓಕೆನಾ ಅಂತ ಕೇಳಿ. ವಾಸನೆಗೆ ತಲೆನೋವು ಬರೋರಿಗೆ ಅದು ನಿಜವಾದ ನೋವು, ಕೇಳಿದ್ರೆ ಅವ್ರಿಗೂ ಸಮಾಧಾನ, ನಿಮ್ಗೂ.

ಪ್ರಶ್ನೆ: ಮೇಡಂ, ಡಬ್ಬದ ಮೇಲೆ ಸ್ಟ್ರಾಬೆರಿ, ಮಾವು, ಅನಾನಸ್ ಅಂತೆಲ್ಲಾ ಬರ್ದಿರ್ತಾರೆ, ನಿಜವಾದ ಹಣ್ಣಿನ ರಸ ಹಾಕಿರ್ತಾರಾ ಅಥವಾ ಎಲ್ಲಾ ಕೆಮಿಕಲ್ಲಾ? ಕೆಮಿಕಲ್ ಅಂದ್ರೆ ನಂಗೆ ಭಯ.

ಉತ್ತರ: ಹಣ್ಣಿನ ರಸ ಹಾಕಿರಲ್ಲ. ಹೂವಿಂದ, ಮರದಿಂದ, ಬೇರಿಂದ ಎಣ್ಣೆ ತೆಗೀಬಹುದು, ಕಿತ್ತಳೆ ನಿಂಬೆ ಜಾತಿಯ ಸಿಪ್ಪೆ ಹಿಂಡಿದ್ರೆ ಎಣ್ಣೆ ಬರತ್ತೆ, ಆದ್ರೆ ಸ್ಟ್ರಾಬೆರಿ, ಪೀಚು, ಮಾವು ಇವೆಲ್ಲಾ ನೀರೇ ಜಾಸ್ತಿ, ವಾಸನೆ ಕೊಡೋ ಅಂಶ ಅದ್ರಲ್ಲಿ ಎಷ್ಟು ಕಮ್ಮಿ ಅಂದ್ರೆ 1 ಕಿಲೋ ರಾಸ್ಪ್ಬೆರೀಲಿ ಅದ್ರ ಮುಖ್ಯ ವಾಸನೆ, ರಾಸ್ಪ್ಬೆರಿ ಕೀಟೋನ್, ಸಿಗೋದು 1ರಿಂದ 4 ಮಿಲಿಗ್ರಾಂ. ಅದನ್ನ ಹಣ್ಣಿಂದ ತೆಗೆದು ಬಾಟ್ಲಿ ತುಂಬಿಸೋದು ಆಗದ ಮಾತು. ಹಾಗಾಗಿ ಹಣ್ಣಿನ ವಾಸನೇನ ತುಂಡು ತುಂಡಾಗಿ ಕಟ್ತಾರೆ, ಅದೊಂದು ದೊಡ್ಡ ಕಲೆ.

ಪೀಚನ್ನೇ ತಗೊಳ್ಳಿ. ಗಾಮಾ ಅಂಡೆಕಾಲ್ಯಾಕ್ಟೋನ್ ಅಂತ ಒಂದು ವಸ್ತು ಇದೆ, ವ್ಯಾಪಾರದಲ್ಲಿ ಅದಕ್ಕೆ ಆಲ್ಡಿಹೈಡ್ ಸಿ-14 ಅಂತ ಹೆಸರು, ನಿಜ ಹೇಳ್ಬೇಕಂದ್ರೆ ಅದು ಆಲ್ಡಿಹೈಡೇ ಅಲ್ಲ, ಲ್ಯಾಕ್ಟೋನ್ ಅನ್ನೋ ಬೇರೆ ಜಾತಿಯ ರಾಸಾಯನಿಕ, ಹಳೇ ಹೆಸರು ಹಾಗೇ ಉಳ್ಕೊಂಡಿದೆ. ಅದನ್ನ ಮೂಸಿದ್ರೆ ಪೀಚಿನ ಸಿಪ್ಪೆ, ಆ ಮೃದು ರೋಮ ಇರತ್ತಲ್ಲ, ಅದು ಕೈಗೆ ಸಿಕ್ಕ ಹಾಗಾಗತ್ತೆ. 1919ರಲ್ಲಿ ಜಾಕ್ ಗರ್ಲಾನ್ ಅನ್ನೋ ಫ್ರೆಂಚ್ ಪರ್ಫ್ಯೂಮರ್ ಮಿತ್ಸುಕೋ ಅನ್ನೋ ಸೆಂಟು ಮಾಡಿದಾಗ ಹಾಕಿದ್ದು ಇದನ್ನೇ, ಓಕ್ ಮರದ ಪಾಚಿ ಜೊತೆ, ಅಂದ್ರೆ ಲ್ಯಾಬಿನ ಹಣ್ಣು ಸೆಂಟಿಗೆ ಬಂದು ನೂರು ವರ್ಷದ ಮೇಲಾಯ್ತು. ಸ್ಟ್ರಾಬೆರಿಗೆ ಹಾಕೋ ಆಲ್ಡಿಹೈಡ್ ಸಿ-16 ಕೂಡ ಆಲ್ಡಿಹೈಡ್ ಅಲ್ಲ, ಎಸ್ಟರ್ ಅನ್ನೋ ಇನ್ನೊಂದು ಜಾತಿ. ತೆಂಗಿನಕಾಯಿ ವಾಸನೆಯ ಸಿ-18 ಕೂಡ ಅಷ್ಟೇ, ಅದೂ ಲ್ಯಾಕ್ಟೋನು.

ಮಾವು ಕಟ್ಟೋದು ಇದೆಲ್ಲಕ್ಕಿಂತ ಕಷ್ಟ, ಮಾವಿನ ಬಗ್ಗೆ ಮಾತ್ರ ನಾನು ಸ್ವಲ್ಪ ಜಾಸ್ತಿ ಹೇಳ್ಲೇಬೇಕು. ಹಣ್ಣಾದ ಮಾವಿನ ತೊಟ್ಟಿನ ಹತ್ರ ಮೂಸಿ ನೋಡಿ, ಬರೀ ಸಿಹಿ ಇರಲ್ಲ, ಒಂಥರಾ ಅಂಟು, ಪೈನ್ ಮರದ ಥರ, ಟರ್ಪಂಟೈನ್ ಥರ ಇರತ್ತೆ, ಅದು ಟರ್ಪೀನ್ ಅನ್ನೋ ಅಂಶಗಳಿಂದ ಬರೋದು. ಅದ್ರ ಜೊತೆ ಕೆನೆ ಥರದ ಲ್ಯಾಕ್ಟೋನು, ಬೇಯಿಸಿದ ಸಕ್ಕರೆ ಥರದ ಫ್ಯುರಾನಿಯಾಲ್, ಇದು ಸ್ಟ್ರಾಬೆರಿ ಅನಾನಸ್‌ಲ್ಲೂ ಇರತ್ತೆ. ಇಷ್ಟಕ್ಕೂ ಮುಗಿಯಲ್ಲ, ಬಿಸಿ ದೇಶದ ಹಣ್ಣುಗಳು ರಸಭರಿತ ಅನ್ಸೋದು ಗಂಧಕದ ಅಂಶದಿಂದ, ಸೀಬೆ, ಪ್ಯಾಶನ್ ಫ್ರೂಟು, ಗ್ರೇಪ್ ಫ್ರೂಟು ಎಲ್ಲದ್ರಲ್ಲೂ ಇದೆ, ಜಾಸ್ತಿ ಆದ್ರೆ ಬೆವರು ಅನ್ಸತ್ತೆ, ಬೆಕ್ಕಿನ ಉಚ್ಚೆ ಅಂತನೂ ಅನ್ಸತ್ತೆ, ಹೊಸಬರು ಇದು ಕೆಟ್ಟಿದೆ ಅಂತ ವಾಪಸ್ ಕೊಡೋದೂ ಇದೆ, ಆದ್ರೆ ಸರಿಯಾದ ಹದಕ್ಕೆ, ಅಂದ್ರೆ ತೀರಾ ಚಿಟಿಕೆ ಅಷ್ಟು ಬಿದ್ರೆ ಹಣ್ಣು ಕೈಯಲ್ಲೇ ಹಿಂಡಿದ ಹಾಗೆ ಅನ್ಸತ್ತೆ. ಅಗ್ಗದ ಮಾವಿನ ಸೆಂಟಲ್ಲಿ ಈ ಅಂಟೂ ಇರಲ್ಲ, ಈ ಗಂಧಕವೂ ಇರಲ್ಲ, ಪೀಚಿಗೆ ಸಕ್ಕರೆ ಹಾಕಿ ಮಾವು ಅಂತ ಹೆಸರಿಟ್ಟಿರ್ತಾರೆ. ಮಾವಿನ ಸೆಂಟು ಮೂಸಿದಾಗ ಮೊದ್ಲು ಒಂಚೂರು ವಿಚಿತ್ರ ಅನ್ನಿಸ್ತು ಅಂದ್ರೆ ಹೆದರ್ಬೇಡಿ, ಅದು ಒಳ್ಳೇ ಗುರುತು.

ಕೆಮಿಕಲ್ ಭಯದ ಬಗ್ಗೆ ಒಂದೇ ಮಾತು. ಲಿಮೊನೀನ್ ಸಿಪ್ಪೆಯಿಂದ ಬಂದ್ರೂ ಲಿಮೊನೀನೇ, ಲ್ಯಾಬಿನ ಪೀಪಾಯಿಂದ ಬಂದ್ರೂ ಲಿಮೊನೀನೇ. ವೆನಿಲಿನ್‌ನ ಲ್ಯಾಬಲ್ಲಿ ಮಾಡಿದ್ದು 1874ರಲ್ಲಿ, ಟೀಮನ್ ಮತ್ತೆ ಹಾರ್ಮನ್ ಅನ್ನೋ ಇಬ್ರು ಜರ್ಮನ್ ರಸಾಯನ ವಿಜ್ಞಾನಿಗಳು. ಚರ್ಮಕ್ಕೆ ತೊಂದ್ರೆ ಬರೋದು ವಸ್ತು ಮತ್ತೆ ಪ್ರಮಾಣದಿಂದ, ಅದು ಗಿಡದ್ದಾ ಲ್ಯಾಬಿನದ್ದಾ ಅನ್ನೋದ್ರಿಂದ ಅಲ್ಲ, ಮುಂದಿನ ಪತ್ರ ಓದಿದ್ರೆ ನಿಮ್ಗೇ ಗೊತ್ತಾಗತ್ತೆ.

ಪ್ರಶ್ನೆ: ಅಕ್ಕಾ, ಬೇಸಿಗೆಗೆ ಫ್ರೆಶ್ ಇರ್ಲಿ, ನ್ಯಾಚುರಲ್ ಇರ್ಲಿ ಅಂತ ನಾನೇ ಮನೇಲಿ ತೆಂಗಿನೆಣ್ಣೆಗೆ ಬರ್ಗಮಾಟ್ ಎಣ್ಣೆ, ಲೈಮ್ ಎಣ್ಣೆ, ವೆನಿಲ್ಲಾ ಹಾಕಿ ಸೆಂಟು ಮಾಡ್ಕೊಂಡೆ. ಕತ್ತಿಗೆ ಹಚ್ಕೊಂಡು ಹೊರಗೆ ಓಡಾಡ್ದೆ. ಎರಡು ದಿನಕ್ಕೆ ಕತ್ತು ಕೆಂಪಾಗಿ ಉರಿ ಬಂತು, ಈಗ ಸೆಂಟು ಹರಿದ ದಾರೀಲೇ ಕಪ್ಪು ಕಲೆ ಉಳ್ಕೊಂಡಿದೆ. ಯಾಕೆ ಹೀಗಾಯ್ತು?

ಉತ್ತರ: ನೀವು ಬರ್ದಿರೋದು ಓದಿದ್ರೆ, ಎಣ್ಣೆ ಮತ್ತೆ ಬಿಸಿಲು ಸೇರಿ ಆಗಿರೋ ಸುಟ್ಟ ಗಾಯದ ಹಾಗೇ ಇದೆ. ಮೊದ್ಲು ಅದನ್ನ ಹಚ್ಚೋದು ಪೂರ್ತಿ ನಿಲ್ಸಿ, ಚರ್ಮದ ಡಾಕ್ಟರಿಗೆ ತೋರ್ಸಿ, ಏನೇನ್ ಹಾಕಿದ್ರಿ ಅಂತ ಪಟ್ಟಿ ಬರ್ಕೊಂಡು ಹೋಗಿ, ಅಲ್ಲಿ ತನಕ ಆ ಜಾಗಕ್ಕೆ ಬಿಸಿಲು ಬೀಳದ ಹಾಗೆ ಬಟ್ಟೆ ಮುಚ್ಕೊಳ್ಳಿ.

ಕಾರಣ ಏನಂದ್ರೆ ಬರ್ಗಮಾಟ್ ಕೂಡ ನಿಂಬೆ ಜಾತಿಯ ಹಣ್ಣೇ, ಸಿಪ್ಪೆ ಹಿಂಡಿ ತೆಗೆದ ಬರ್ಗಮಾಟ್, ಲೈಮ್ ಎಣ್ಣೆಗಳಲ್ಲಿ ಫ್ಯುರೋಕೂಮರಿನ್ ಅನ್ನೋ ಅಂಶ ಇರತ್ತೆ, ಬರ್ಗಾಪ್ಟೆನ್ ಅದ್ರಲ್ಲಿ ಮುಖ್ಯ. ಕತ್ತಲಲ್ಲಿ ಅದು ಸುಮ್ಮನೆ ಇರತ್ತೆ, ಬಿಸಿಲಿನ ಯುವಿಎ ಕಿರಣ ಬಿತ್ತು ಅಂದ್ರೆ ಚರ್ಮದ ಜೀವಕೋಶಕ್ಕೆ ಪೆಟ್ಟು ಕೊಡತ್ತೆ. ಎಣ್ಣೆ ಹರಿದ ದಾರೀಲೇ ಕಲೆ ಆಗೋದ್ರಿಂದ ಸರದ ಪದಕ ಇಳಿಬಿಟ್ಟ ಹಾಗೆ ಕಾಣತ್ತೆ, ಅದಕ್ಕೇ ಬರ್ಲೋಕ್ ಡರ್ಮಟೈಟಿಸ್ ಅಂತ ಹೆಸರು, ಪದಕ ಅನ್ನೋ ಅರ್ಥದ ಫ್ರೆಂಚ್ ಪದದಿಂದ ಬಂದಿದ್ದು. ಸೆಂಟಿನ ಉದ್ಯಮದವರ ಇಫ್ರಾ ಸಂಸ್ಥೆ ಮೈಗೆ ಹಚ್ಚಿ ಹಾಗೇ ಬಿಡೋ ವಸ್ತುಗಳಲ್ಲಿ ಹಿಂಡಿದ ಬರ್ಗಮಾಟ್ ಎಣ್ಣೆ ಶೇಕಡ 0.4 ದಾಟಬಾರ್ದು ಅಂತ ಇಟ್ಟಿದೆ. ಮನೇಲಿ ಹನಿ ಲೆಕ್ಕದಲ್ಲಿ ಹಾಕಿದ್ರೆ ಇದನ್ನ ದಾಟೋದು ತುಂಬಾ ಸುಲಭ. ಆ ಅಂಶ ತೆಗೆದಿರೋ ಬರ್ಗಮಾಟ್ ಎಣ್ಣೆನೂ ಸಿಗತ್ತೆ, ಭಟ್ಟಿ ಇಳಿಸಿದ ಲೈಮ್ ಎಣ್ಣೇಲೂ ಈ ತೊಂದ್ರೆ ಇರಲ್ಲ, ಆದ್ರೂ ಕಲೆ ವಾಸಿ ಆಗೋ ತನಕ ಯಾವ ಪ್ರಯೋಗನೂ ಬೇಡ, ದಯವಿಟ್ಟು.

ಪ್ರಶ್ನೆ: ಹಣ್ಣಿನ ಸೆಂಟು ಒಂದು ಗಂಟೇಲಿ ಹೋಗ್ಬಿಡತ್ತೆ, ನಾನು ದಿನಕ್ಕೆ ನಾಲ್ಕು ಸಲ ಹಾಕ್ತೀನಿ, ಆದ್ರೆ ಮನೆಯವ್ರು ಜಾಸ್ತಿ ಆಯ್ತು ಅಂತಾರೆ. ನಂಗೆ ವಾಸನೆನೇ ಬರಲ್ಲ, ಅವ್ರಿಗೆ ಹೇಗೆ ಜಾಸ್ತಿ ಆಗತ್ತೆ?

ಉತ್ತರ: ಮನೆಯವ್ರ ಮಾತು ನಂಬಿ. ಒಂದೇ ವಾಸನೆ ಎದುರಿಗೆ ಇದ್ರೆ ಮೂಗು ಸ್ವಲ್ಪ ಹೊತ್ತಲ್ಲೇ ಅದನ್ನ ಲೆಕ್ಕಕ್ಕೆ ತಗೊಳ್ಳೋದು ಬಿಡತ್ತೆ, ಅದು ಮೂಗಿನ ಸಹಜ ಗುಣ. ಅದ್ರ ಮೇಲೆ ಕೆಲವರ ಮೂಗಿಗೆ ಕೆಲವು ಮಸ್ಕ್‌ಗಳು, ಅಂದ್ರೆ ಕಸ್ತೂರಿ ಥರದ ವಾಸನೆಗಳು, ಹುಟ್ಟಿಂದಲೇ ಗೊತ್ತಾಗಲ್ಲ, ಸಿಹಿ ಸೆಂಟಿನ ಅಡಿಪಾಯದಲ್ಲಿ ಮಸ್ಕು ಧಾರಾಳವಾಗಿರತ್ತೆ, ಹಾಗಾಗಿ ನಿಮ್ಗೆ ಖಾಲಿ ಅನ್ಸಿದ್ದು ಪಕ್ಕದವರಿಗೆ ತುಂಬಿ ತುಳುಕ್ತಿರತ್ತೆ. ಎರಡನೇ ಸಲ ಹಾಕೋಕೆ ಮುಂಚೆ ಹೊರಗೆ ಹೋಗಿ ಹತ್ತು ನಿಮಿಷ ಗಾಳಿ ತಗೊಂಡು ಬನ್ನಿ, ಅಂಗಡೀಲಿ ಕೊಡೋ ಕಾಫಿ ಬೀಜ ಮೂಸೋದಕ್ಕಿಂತ ಸಾದಾ ಗಾಳಿನೇ ಸಾಕು.

ಹಣ್ಣು ಬೇಗ ಹೋಗೋದು ಮಾತ್ರ ನಿಜ, ಕಾರಣ ಮೇಲೆ ಹೇಳಿದೀನಿ. ಸ್ನಾನ ಆದ್ಮೇಲೆ ವಾಸನೆ ಇಲ್ಲದ ಮಾಯಿಶ್ಚರೈಸರ್ ಹಚ್ಚಿ ಅದ್ರ ಮೇಲೆ ಹಾಕಿದ್ರೆ ಒಣ ಚರ್ಮಕ್ಕಿಂತ ಜಾಸ್ತಿ ಹೊತ್ತು ನಿಲ್ಲತ್ತೆ, ಬಟ್ಟೆ ಮೇಲೆ ಇನ್ನೂ ಜಾಸ್ತಿ. ಬಾಟ್ಲಿ ಮೇಲೆ ಏನ್ ಬರ್ದಿದೆ ನೋಡಿ, ಓ ದ ಕೊಲೋನ್ ಅಂದ್ರೆ ಸುಗಂಧದ ಅಂಶ ಸುಮಾರು ಶೇಕಡ 2ರಿಂದ 5, ಓ ದ ಟಾಯ್ಲೆಟ್ ಸುಮಾರು 5ರಿಂದ 15, ಓ ದ ಪರ್ಫ್ಯೂಮ್ ಸುಮಾರು 15ರಿಂದ 20, ಕಂಪನಿಯಿಂದ ಕಂಪನಿಗೆ ಹೆಚ್ಚು ಕಮ್ಮಿ ಇರತ್ತೆ. ಹಣ್ಣಿನ ಸಿಹಿ ಸೆಂಟಿಗೆ ಬೇಸಿಗೇಲಿ ನಾನು ಟಾಯ್ಲೆಟ್ಟನ್ನೇ ಇಷ್ಟಪಡೋದು, ಯಾಕಂದ್ರೆ ಗಟ್ಟಿ ಮಾಡೋವಾಗ ಹಲವು ಕಂಪನಿಗಳು ಹಣ್ಣನ್ನ ಬಿಟ್ಟು ವೆನಿಲ್ಲಾನೇ ಜಾಸ್ತಿ ಮಾಡಿರ್ತಾರೆ, ನಿಲ್ಲತ್ತೆ ಆದ್ರೆ ಹಣ್ಣಾಗಿ ನಿಲ್ಲಲ್ಲ.

ಪ್ರಶ್ನೆ: ನಾನು ಹುಡುಗ, 19 ವರ್ಷ. ನಂಗೆ ಸಿಹಿ ಸೆಂಟೇ ಇಷ್ಟ. ಹುಡುಗೀರ ಸೆಂಟು ಅಂತ ಫ್ರೆಂಡ್ಸ್ ರೇಗಿಸ್ತಾರೆ.

ಉತ್ತರ: ಹಾಕ್ಕೋ ತಮ್ಮಾ, ಧೈರ್ಯವಾಗಿ ಹಾಕ್ಕೋ. 1995ರಲ್ಲಿ ಜಾನ್ ಪಾಲ್ ಗೋಟಿಯೇ ಅವ್ರ ಲ ಮಾಲ್ ಬಂತು, ಪುದೀನ, ಲ್ಯಾವೆಂಡರ್, ಕೆಳಗೆ ತುಂಬಾ ವೆನಿಲ್ಲಾ, ಹೆಸರಿಗೇ ಗಂಡು ಅಂತ ಅರ್ಥ. ಮಾರನೇ ವರ್ಷ, ಏಂಜೆಲ್ ತಂದಿದ್ದ ಮ್ಯೂಗ್ಲರ್ ಅವ್ರೇ ಗಂಡಸರಿಗೆ ಅಂತ ಕಾಫಿ, ಕ್ಯಾರಮೆಲ್ಲು, ಅದ್ರ ಜೊತೆ ಟಾರಿನ ವಾಸನೆ ಇರೋ ಎ-ಮೆನ್ ತಂದ್ರು. ಎರಡೂ ಹೆಸರು ಮಾಡಿದ ಸೆಂಟುಗಳು. ಬಿಸಿಲಿಗೆ ನೀನು ಅನಾನಸ್ ಜೊತೆ ಶುಂಠಿ ಇಲ್ಲಾ ವೆಟಿವರ್ ಇರೋದು ಹುಡುಕು, ವೆಟಿವರ್ ಅಂದ್ರೆ ನಮ್ ಲಾವಂಚನೇ, ಸಿಹಿಗೆ ಒಣ ಬೇರಿನ ತಂಪು ತುಂಬಾ ಚೆನ್ನಾಗಿ ಹೊಂದತ್ತೆ.

ಪ್ರಶ್ನೆ: ಬಾಳೆಹಣ್ಣಿನ ವಾಸನೆಯ ಬಾಡಿ ಮಿಸ್ಟ್ ಹಾಕ್ಕೊಂಡು ತೋಟದಲ್ಲಿ ಕೂತ್ಕೋತೀನಿ. ಜೇನುನೊಣಕ್ಕೆ ಇದ್ರಿಂದ ಏನಾದ್ರೂ ಆಗತ್ತಾ ಅಂತ ತಂಗಿ ಕೇಳಿದ್ಲು.

ಉತ್ತರ: ತಂಗಿ ಒಳ್ಳೇ ಪ್ರಶ್ನೆ ಕೇಳಿದಾಳೆ. ಬಾಳೆಹಣ್ಣಿನ ವಾಸನೆ ಕೊಡೋ ಐಸೋಅಮೈಲ್ ಅಸಿಟೇಟ್ ಇದ್ಯಲ್ಲ, ಜೇನುನೊಣ ಕುಟುಕಿದಾಗ ಬೇರೆ ನೊಣಗಳಿಗೆ ಅಪಾಯ ಅಂತ ಹೇಳೋಕೆ ಬಿಡೋ ರಾಸಾಯನಿಕದಲ್ಲಿ ಮುಖ್ಯ ಅಂಶ ಅದೇ. ಜೇನು ಸಾಕೋರು ಗೂಡು ತೆಗೆಯೋ ಮುಂಚೆ ಬಾಳೆಹಣ್ಣು ತಿನ್ನಬಾರ್ದು ಅನ್ನೋದೂ ಅದಕ್ಕೇ. ಮನೆ ಒಳಗೆ ಆರಾಮಾಗಿ ಹಾಕಿ, ಗೂಡು ಇರೋ ಜಾಗಕ್ಕೆ ಹೋಗೋವಾಗ ಬಾಳೆ ಬೇಡ, ಯಾವ ಹಣ್ಣು ಹೂವಿನ ಸೆಂಟೂ ಬೇಡ.

ಪ್ರಶ್ನೆ: ಮೇಡಂ, ವೆನಿಲ್ಲಾ ಇರೋ ಸೆಂಟು ಮೊದ್ಲು ತಿಳಿ ಹಳದಿ ಇತ್ತು, ಈಗ ಟೀ ಬಣ್ಣಕ್ಕೆ ಬಂದಿದೆ, ಬಿಳಿ ಶರ್ಟ್ ಮೇಲೂ ಕಲೆ ಆಯ್ತು. ಬಾತ್ರೂಮ್ ಕಿಟಕಿ ಹತ್ರ ಇಟ್ಟಿದ್ದೆ. ಬಿಸಾಕ್ಲಾ?

ಉತ್ತರ: ಬಿಸಾಕೋಕೆ ಮುಂಚೆ ಮೂಸಿ. ವೆನಿಲಿನ್ ಕಾಲ ಕಳೆದ ಹಾಗೆ ಕಂದು ಆಗೋದು ಅದ್ರ ಸ್ವಭಾವ, ಬಣ್ಣ ಬದಲಾದ ಮಾತ್ರಕ್ಕೆ ಕೆಟ್ಟಿದೆ ಅಂತಲ್ಲ. ಆದ್ರೆ ಮೊದಲ ಎರಡು ನಿಮಿಷದ ಹಣ್ಣಿನ ವಾಸನೆ ಹೋಗಿ ಹಳೇ ಎಣ್ಣೆ ಥರ, ಪೇಂಟ್ ಥರ ಬಂದ್ರೆ ಸಿಟ್ರಸ್ ಭಾಗ ಗಾಳಿ ಬಿಸಿಗೆ ಹಾಳಾಗಿದೆ ಅಂತ, ಆಗ ಮೈಗೆ ಹಾಕ್ಬೇಡಿ, ಹಳಸಿದ ಲಿಮೊನೀನ್, ಲಿನಲೂಲ್ ಅನ್ನೋ ವಾಸನೆ ಅಂಶಗಳಿಂದ ಚರ್ಮಕ್ಕೆ ಅಲರ್ಜಿ ಬರೋ ಸಾಧ್ಯತೆ ಜಾಸ್ತಿ. ಇನ್ಮೇಲೆ ಬಾಟ್ಲೀನ ಅದ್ರ ಡಬ್ಬದಲ್ಲೇ ಹಾಕಿ ಬೀರು ಒಳಗೆ ಇಡಿ, ಬಿಸಿಲು, ಹಬೆ, ನಿಲ್ಲಿಸಿದ ಕಾರು ಮೂರೂ ಬೇಡ, ಒಳಗಿರೋದು ಬಹುಪಾಲು ಆಲ್ಕೋಹಾಲು, ಬೆಂಕಿ ಹತ್ರ ಅಂತೂ ಬೇಡವೇ ಬೇಡ. ಬಿಳಿ ಬಟ್ಟೆಗೆ ವೆನಿಲ್ಲಾ ಸೆಂಟು ನೇರವಾಗಿ ಹೊಡೀಬೇಡಿ, ಗಾಢ ಬಣ್ಣದ ಬಟ್ಟೆ ಒಳಭಾಗಕ್ಕೆ ಹೊಡೀರಿ.

ಪ್ರಶ್ನೆ: ನನ್ ಮಗಳಿಗೆ 13 ವರ್ಷ. ಕಾಟನ್ ಕ್ಯಾಂಡಿ ವಾಸನೆಯ ಮಿಸ್ಟ್ ಅಂದ್ರೆ ಪ್ರಾಣ, ಶಾಲೆಗೆ ಹೋಗೋವಾಗ ತಲೆಯಿಂದ ಕಾಲ್ವರೆಗೂ ಹೊಡ್ಕೋತಾಳೆ. ಕ್ಲಾಸ್ ಟೀಚರ್ ಹೇಳಿ ಕಳ್ಸಿದ್ರು, ಒಬ್ಬ ಹುಡುಗನಿಗೆ ಉಬ್ಬಸ ಇದೆಯಂತೆ. ನಾನು ಬಾಟ್ಲಿ ಕಿತ್ಕೊಂಡೆ, ಎರಡು ದಿನದಿಂದ ಮಾತಾಡ್ತಿಲ್ಲ.

ಉತ್ತರ: ಬಾಟ್ಲಿ ವಾಪಸ್ ಕೊಡಿ, ಆದ್ರೆ ಜೊತೆಗೆ ಕೂತು ಮಾತಾಡಿ ಕೊಡಿ. ಉಬ್ಬಸ ಇರೋರಿಗೆ ಜೋರು ವಾಸನೆಯಿಂದ ಉಸಿರು ಕಟ್ಟೋದು ಉಂಟು, ಹಾಗಾಗಿ ಶಾಲೆಗೆ ಪೂರ್ತಿ ಬೇಡ, ಇದ್ರಲ್ಲಿ ಚೌಕಾಸಿ ಇಲ್ಲ, ಆದ್ರೆ ಅದನ್ನ ಶಿಕ್ಷೆ ಥರ ಹೇಳದೆ ಆ ಹುಡುಗನ ಕಷ್ಟ ಹೇಳಿ, ಆ ವಯಸ್ಸಿನ ಮಕ್ಕಳಿಗೆ ಅದು ಬೇಗ ಅರ್ಥ ಆಗತ್ತೆ. ಮನೇಲಿ, ರಜೆ ದಿನ, ಹೊರಗೆ ಓಡಾಡೋವಾಗ ಎರಡು ಸ್ಪ್ರೇ ಅವಳಿಷ್ಟ. ಮುಖ, ಕಣ್ಣು, ಈಗಷ್ಟೇ ಕೂದಲು ತೆಗೆದ ಚರ್ಮಕ್ಕೆ ಬೀಳಬಾರ್ದು ಅಂತ ಹೇಳ್ಕೊಡಿ.

ಆಮೇಲೆ ಒಂದು ರಜೆ ದಿನ ಅವಳನ್ನ ಕೂರಿಸ್ಕೊಂಡು ಒಂದು ಆಟ ಆಡಿ. ಒಂದು ಕಾಗದಕ್ಕೆ ಅವಳ ಕಾಟನ್ ಕ್ಯಾಂಡಿ ಮಿಸ್ಟು, ಇನ್ನೊಂದು ಕಾಗದಕ್ಕೂ ಅದೇ ಮಿಸ್ಟು, ಆದ್ರೆ ಎರಡನೇದರ ಪಕ್ಕ ಆಗ ತಾನೇ ಸುಲಿದ ಕಿತ್ತಳೆ ಸಿಪ್ಪೆ ಹಿಡ್ಕೊಂಡು ಮಡಿಚಿ ಹಿಂಡಿ, ಎರಡನ್ನೂ ಕಣ್ಮುಚ್ಚಿಸಿ ಮೂಸಿಸಿ, ಯಾವ್ದು ಇಷ್ಟ ಅಂತ ಅವಳೇ ಹೇಳ್ಲಿ. ಏನ್ ಹೇಳಿದ್ಲು ಅಂತ ನಂಗೆ ಬರೀರಿ, ನಂಗೆ ನಿಜವಾಗ್ಲೂ ತಿಳ್ಕೋಬೇಕು ಅಂತಿದೆ.